ನನ್ನ ಸಕ್ಕರೆ ಎಷ್ಟಿದ್ದರೆ ನಿಮಗೇನು ಸ್ವಾಮಿ?

2024ರ ಡಿಸೆಂಬರಿನಲ್ಲಿ ಒಂದು ಪತ್ರ ದೇಶದ ತುಂಬ ಓಡಾಡಿತು. ಮನೆ ಬಾಗಿಲಿಗೇ ಬಂದು ಸೌಂದರ್ಯಸೇವೆ ಒದಗಿಸುವ ನೋಯ್ಡಾದ 'ಯೆಸ್ ಮೇಡಂ' ಎಂಬ ಕಂಪನಿಯದು. ನೌಕರರ ನಡುವೆ ಕೆಲಸದ ಒತ್ತಡದ ಬಗ್ಗೆ ಸಮೀಕ್ಷೆ ನಡೆಸಿದೆವು, ವಿಪರೀತ ಒತ್ತಡವಿದೆ ಎಂದು ಉತ್ತರಿಸಿದವರ ಭಾವನೆಗಳನ್ನು ಗೌರವಿಸಿ ಅವರನ್ನು ಕೆಲಸದಿಂದ ಬೀಳ್ಕೊಡುತ್ತಿದ್ದೇವೆ ಎಂಬುದು ಅದರ ಸಾರಾಂಶ. ಜನ ಉರಿದುಬಿದ್ದರು. ಆಮೇಲೆ ಕಂಪನಿಯೇ ಮುಂದೆ ಬಂದು, ನಾವು ಯಾರನ್ನೂ ತೆಗೆದಿಲ್ಲ, ಒತ್ತಡದ ಸಮಸ್ಯೆಯ ಕಡೆಗೆ ಗಮನ ಸೆಳೆಯಲು ಹಾಗೆ ಮಾಡಿದೆವು ಎಂದು ಸಮಜಾಯಿಷಿ ನೀಡಿತು. ಪ್ರಚಾರದ ಇಂಥ ಚಪಲಕ್ಕೆ ಏನೆನ್ನಬೇಕೋ ತಿಳಿಯದು, ಅದು ಹಾಗಿರಲಿ. ನನ್ನನ್ನು ಕಾಡಿದ್ದು ಬೇರೆಯೇ ಒಂದು ಸಂಗತಿ. ಆ ಪತ್ರ ಓದಿದ ಸಾವಿರಾರು ಜನರಿಗೆ ಅದು ನಂಬಲಾರದ ಸುದ್ದಿ ಅನ್ನಿಸಲೇ ಇಲ್ಲ. ಕಾಯಿಲೆ ಹೇಳಿಕೊಂಡವನನ್ನು ಮನೆಗೆ ಕಳಿಸುವುದು ಕಂಪನಿಗಳಿಗೆ ಸಹಜವೇ ಎಂದು ನಂಬಲು ಸಿದ್ಧರಾಗಿ ಕುಳಿತಿದ್ದವರಂತೆ ಅವರು ನಂಬಿದರು.

ಅವರು ಹಾಗೆ ನಂಬಲು ಕಾರಣವಿದೆ. ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಕೆಲಸ ಮಾಡುವ ನಮ್ಮ ಮಕ್ಕಳ ಕೈಗೆ ಈಗ ವರ್ಷಕ್ಕೊಮ್ಮೆ ಒಂದು ಫಾರಂ ಬರುತ್ತದೆ. ಕಾಗದದ್ದಲ್ಲ, ಮೊಬೈಲಿನದು. ಇಂಗ್ಲಿಷಿನಲ್ಲಿ ಅದಕ್ಕೆ ಹೆಲ್ತ್ ರಿಸ್ಕ್ ಅಸೆಸ್‌ಮೆಂಟ್ ಎಂದು ಹೆಸರು. ಅಂದರೆ ನಿಮ್ಮ ಆರೋಗ್ಯಕ್ಕೆ ಎದುರಾಗಬಹುದಾದ ಅಪಾಯದ ಅಂದಾಜು. ನಿಮ್ಮ ತೂಕ ಎಷ್ಟು, ಸೊಂಟದ ಸುತ್ತಳತೆ ಎಷ್ಟು, ಸಿಗರೇಟು ಸೇದುತ್ತೀರಾ, ವಾರಕ್ಕೆ ಎಷ್ಟು ಸಲ ಕುಡಿಯುತ್ತೀರಿ, ರಾತ್ರಿ ಎಷ್ಟು ಗಂಟೆ ಮಲಗುತ್ತೀರಿ, ತಂದೆ ತಾಯಿಗೆ ಸಕ್ಕರೆ ಕಾಯಿಲೆ ಇತ್ತೇ, ಕಳೆದ ಎರಡು ವಾರಗಳಲ್ಲಿ ಮನಸ್ಸು ಕುಗ್ಗಿತ್ತೇ - ಹೀಗೆ ಪ್ರಶ್ನೆಗಳು. ಜೊತೆಗೆ ರಕ್ತದ ಪರೀಕ್ಷೆ. ಕೊನೆಗೆ ನಿಮಗೊಂದು ಅಂಕ, ಅಂಕದ ಕೆಳಗೆ ಹಸಿರು, ಹಳದಿ ಅಥವಾ ಕೆಂಪು ಬಣ್ಣ. ಕೆಂಪು ಬಂದವರಿಗೆ ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಿರಿ, ಎಣ್ಣೆ ಕಡಿಮೆ ಮಾಡಿ, ಚೆನ್ನಾಗಿ ನಿದ್ದೆ ಮಾಡಿ ಎಂಬ ಉಪದೇಶ.

ನನ್ನ ಅಕ್ಕನ ಮಗ ಅಂಥ ಒಂದು ಕಂಪನಿಯಲ್ಲಿ ರಾತ್ರಿ ಪಾಳಿಯವನು. ಅಮೆರಿಕದವರು ಎಚ್ಚರವಾಗಿರುವಾಗ ಇವನು ಎಚ್ಚರವಾಗಿರಬೇಕು. ಫಾರಮನ್ನು ನನಗೆ ತೋರಿಸುತ್ತಾ, "ಮಾಮು, ನಿಜ ಬರೆದರೆ ನಾನು ರೋಗಿ, ಸುಳ್ಳು ಬರೆದರೆ ಆರೋಗ್ಯವಂತ. ಯಾವುದನ್ನು ಬರೀಲಿ?" ಎಂದು ಕೇಳಿದ. ರಾತ್ರಿ ಎಷ್ಟು ಗಂಟೆ ಮಲಗುತ್ತೀರಿ ಎಂಬ ಪ್ರಶ್ನೆಗೆ ಅವನು ಸೊನ್ನೆ ಎಂದು ಬರೆಯಬೇಕಾಗಿತ್ತು. ಬರೆಯಲಿಲ್ಲ. ಏಳು ಎಂದು ಬರೆದ. ಕಥೆ ಬರೆಯುವವನಾದ ನನಗೆ ಸುಳ್ಳಿನ ಬಗ್ಗೆ ಒಂದು ಬಗೆಯ ಗೌರವವೇ ಇದೆ, ಆದರೆ ಒಂದು ಇಡೀ ಕಚೇರಿ ಒಟ್ಟಾಗಿ ಕೂತು ಕಥೆ ಬರೆಯುವುದನ್ನು ಮಾತ್ರ ನಾನು ಮೊದಲ ಬಾರಿಗೆ ಕಂಡದ್ದು.

ಈ ಫಾರಮಿನ ಹುಟ್ಟು ಕೆಟ್ಟದ್ದಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಹೃದ್ರೋಗದ ಬಗ್ಗೆ ಒಂದು ದೀರ್ಘ ಅಧ್ಯಯನ ಆರಂಭವಾಯಿತು. ರಕ್ತದೊತ್ತಡ, ಕೊಬ್ಬು, ಧೂಮಪಾನ ಇವು ಹೃದಯಾಘಾತಕ್ಕೆ ಮುನ್ಸೂಚನೆಗಳು ಎಂಬುದು ಜಗತ್ತಿಗೆ ಖಚಿತವಾದದ್ದು ಅಲ್ಲಿಂದ. ಲೂಯಿಸ್ ರಾಬಿನ್ಸ್ ಮತ್ತು ಜ್ಯಾಕ್ ಹಾಲ್ ಎಂಬ ಇಬ್ಬರು ವೈದ್ಯರು 1970ರಲ್ಲಿ ಒಂದು ಪುಸ್ತಕ ಪ್ರಕಟಿಸಿ, ರೋಗ ಬರುವ ಮೊದಲೇ ಅಪಾಯವನ್ನು ಲೆಕ್ಕ ಹಾಕಿ ರೋಗಿಯ ಜೊತೆ ಕೂತು ಮಾತಾಡುವ ವಿಧಾನವನ್ನು ವೈದ್ಯರಿಗೆ ಕಲಿಸಿದರು. ಗಮನಿಸಬೇಕಾದ ಮಾತು ಇದು: ಅದು ವೈದ್ಯನ ಕೋಣೆಯ ಸಾಧನ. ನಮ್ಮ ಹಳೆಯ ಹಕೀಮರು ನಬ್ಜ್ ಹಿಡಿದು, ಕಣ್ಣು ಮುಚ್ಚಿ, ಊಟ ನಿದ್ದೆ ದುಃಖ ಎಲ್ಲವನ್ನೂ ವಿಚಾರಿಸುತ್ತಿದ್ದರಲ್ಲ, ಅದೇ ಜಾತಿಯದು. ಹಕೀಮರಿಗೆ ಹೇಳಿದ್ದು ಹಕೀಮರ ಬಳಿ ಉಳಿಯುತ್ತಿತ್ತು. ಹಕೀಮರು ನಿಮಗೆ ಸಂಬಳ ಕೊಡುತ್ತಿರಲಿಲ್ಲ, ಬಡ್ತಿ ತಡೆಯುತ್ತಿರಲಿಲ್ಲ.

ಅದೇ ಪ್ರಶ್ನೆಗಳನ್ನು ಸಂಬಳ ಕೊಡುವ ಯಜಮಾನ ಕೇಳತೊಡಗಿದಾಗ ಅವು ಬೇರೆಯೇ ಪ್ರಶ್ನೆಗಳಾಗುತ್ತವೆ. ಅಮೆರಿಕದಲ್ಲಿ ನೌಕರರ ಆರೋಗ್ಯ ವಿಮೆಯ ಹಣ ತುಂಬುವವರು ಬಹುಮಟ್ಟಿಗೆ ಕಂಪನಿಗಳು. ವಿಮೆಯ ಖರ್ಚು ಏರಿದಂತೆ ಅವರಿಗೆ ನೌಕರರ ಹೊಟ್ಟೆಯ ಮೇಲೆ ಕಣ್ಣು ಬಿತ್ತು. 2010ರ ಆರೋಗ್ಯ ಕಾನೂನು ಇದಕ್ಕೆ ಇನ್ನಷ್ಟು ದಾರಿ ಮಾಡಿಕೊಟ್ಟಿತು. ವಿಮೆಯ ವೆಚ್ಚದ ಶೇಕಡಾ 30ರವರೆಗೆ ಬಹುಮಾನ ಕೊಡಬಹುದು ಎಂದಿತು. ಬಹುಮಾನವೆಂದರೆ ಪಡೆಯದವನಿಗೆ ಅದು ದಂಡವೇ ತಾನೆ? 2013ರಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯ ಮುಚ್ಚುಮರೆಯಿಲ್ಲದೆ ದಂಡವೆಂದೇ ಹೇಳಿತು. ಪ್ರಶ್ನಾವಳಿ ತುಂಬದ, ತಪಾಸಣೆಗೆ ಬಾರದ ನೌಕರನ ಸಂಬಳದಿಂದ ತಿಂಗಳಿಗೆ 100 ಡಾಲರ್ ಕಡಿತ. ಆ ಪ್ರಶ್ನಾವಳಿಯಲ್ಲಿ ಹೆಂಗಸರಿಗೆ, ಸದ್ಯದಲ್ಲಿ ಬಸುರಾಗುವ ಯೋಚನೆ ಇದೆಯೇ ಎಂಬ ಪ್ರಶ್ನೆಯೂ ಇತ್ತು. ಪ್ರಾಧ್ಯಾಪಕರು ಬಂಡೆದ್ದರು. ಕೆಲವೇ ವಾರಗಳಲ್ಲಿ ವಿಶ್ವವಿದ್ಯಾಲಯ ದಂಡವನ್ನು ಕೈಬಿಟ್ಟಿತು.

ವೆಸ್ಟ್ ವರ್ಜೀನಿಯಾದ್ದು ಇನ್ನೂ ದೊಡ್ಡ ಕಥೆ. ಅಲ್ಲಿಯ ಶಾಲಾ ಮೇಷ್ಟ್ರುಗಳಿಗೆ 'ಗೋ 365' ಎಂಬ ಆ್ಯಪ್ ಹಾಕಿಕೊಳ್ಳಿ, ಹೆಜ್ಜೆ ಎಣಿಸಿ, ಆರೋಗ್ಯದ ಪ್ರಶ್ನೆಗಳಿಗೆ ಉತ್ತರಿಸಿ ಅಂಕ ಗಳಿಸಿ, ಇಲ್ಲದಿದ್ದರೆ ತಿಂಗಳಿಗೆ 25 ಡಾಲರ್ ಹೆಚ್ಚು ತೆರಬೇಕು ಎಂದು ವಿಮಾ ಇಲಾಖೆ ಹೇಳಿತು. ಮೊದಲೇ ಕಡಿಮೆ ಸಂಬಳ, ಏರುತ್ತಿರುವ ವಿಮೆಯ ಕಂತು. ಅದರ ಮೇಲೆ ಈ ಅವಮಾನ. 2018ರ ಫೆಬ್ರವರಿಯಲ್ಲಿ 55 ಕೌಂಟಿಗಳ ಶಾಲೆಗಳೂ ಮುಚ್ಚಿದವು. ಆ ಮುಷ್ಕರಕ್ಕೆ ಸಂಬಳ ಮತ್ತು ವಿಮೆ ಮುಖ್ಯ ಕಾರಣಗಳು ನಿಜ. ಆದರೆ ಮೇಷ್ಟ್ರುಗಳ ಸಿಟ್ಟಿಗೆ ಕಿಡಿ ತಾಗಿಸಿದ ಸಂಗತಿಗಳಲ್ಲಿ ಈ ಆ್ಯಪ್ ಕೂಡ ಒಂದು. ಸರ್ಕಾರ ಮೊದಲು ಕೈಬಿಟ್ಟದ್ದೂ ಅದನ್ನೇ.

ಇಷ್ಟೆಲ್ಲ ಮಾಡಿ ಆರೋಗ್ಯವಾದರೂ ಬಂತೇ? 2019ರಲ್ಲಿ ಎರಡು ದೊಡ್ಡ ಅಧ್ಯಯನಗಳ ಫಲಿತಾಂಶ ಹೊರಬಿತ್ತು. ಬಿಜೆಸ್ ಎಂಬ ಸಗಟು ಅಂಗಡಿಗಳ ಸಂಸ್ಥೆಯ 160 ಕಡೆಗಳ ಸುಮಾರು 33 ಸಾವಿರ ನೌಕರರಲ್ಲಿ, ಚೀಟಿ ಎತ್ತಿದ ಹಾಗೆ ಆರಿಸಿದ ಕೆಲವು ಕಡೆ ಮಾತ್ರ ಇಂಥ ಕಾರ್ಯಕ್ರಮ ನಡೆಸಿ, ಉಳಿದ ಕಡೆ ನಡೆಸದೆ ಹೋಲಿಸಿ ನೋಡಿದರು. ಹದಿನೆಂಟು ತಿಂಗಳ ನಂತರ, ನಾವು ವ್ಯಾಯಾಮ ಮಾಡುತ್ತೇವೆ, ತೂಕದ ಮೇಲೆ ನಿಗಾ ಇಟ್ಟಿದ್ದೇವೆ ಎಂದು ಹೇಳುವವರ ಸಂಖ್ಯೆ ಕಾರ್ಯಕ್ರಮ ನಡೆದ ಕಡೆ ಹೆಚ್ಚಾಗಿತ್ತು. ಆದರೆ ಅಳೆದು ನೋಡಿದಾಗ ರಕ್ತದೊತ್ತಡದಲ್ಲಿ, ಕೊಬ್ಬಿನಲ್ಲಿ, ತೂಕದಲ್ಲಿ, ಆಸ್ಪತ್ರೆಯ ಖರ್ಚಿನಲ್ಲಿ, ರಜೆಗಳಲ್ಲಿ ಗಣನೀಯ ವ್ಯತ್ಯಾಸವೇ ಇರಲಿಲ್ಲ. ನಾಲಿಗೆ ಬದಲಾಗಿತ್ತು, ರಕ್ತ ಬದಲಾಗಿರಲಿಲ್ಲ! ಇಲಿನಾಯ್ ವಿಶ್ವವಿದ್ಯಾಲಯದ ಸುಮಾರು 5 ಸಾವಿರ ನೌಕರರ ಮೇಲೆ ನಡೆದ ಇನ್ನೊಂದು ಅಧ್ಯಯನ ಮತ್ತೊಂದು ಗುಟ್ಟನ್ನು ಬಿಚ್ಚಿಟ್ಟಿತು. ಇಂಥ ಕಾರ್ಯಕ್ರಮಗಳಿಗೆ ಮುಂದಾಗಿ ಸೇರುವವರು ಮೊದಲಿನಿಂದಲೇ ಆಸ್ಪತ್ರೆಗೆ ಕಡಿಮೆ ಖರ್ಚು ಮಾಡುತ್ತಿದ್ದವರು. ಹಾಗಾದರೆ ಕಂಪನಿಗೆ ಲಾಭ ಎಲ್ಲಿಂದ? ಜನರನ್ನು ಆರೋಗ್ಯವಂತರನ್ನಾಗಿ ಮಾಡುವುದರಿಂದ ಅಲ್ಲ, ಆರೋಗ್ಯವಂತರನ್ನು ಸೆಳೆದು ಇಟ್ಟುಕೊಳ್ಳುವುದರಿಂದ. ಉಳಿದವರು ತಾವಾಗಿಯೇ ಜಾರಿಹೋದರೆ ಇನ್ನೂ ಒಳ್ಳೆಯದು. ನೋಯ್ಡಾದ ಪತ್ರವನ್ನು ಜನ ಸುಲಭವಾಗಿ ನಂಬಿದ್ದು ಸುಮ್ಮನೆ ಅಲ್ಲ.

"ಇದೆಲ್ಲ ಸ್ವಇಚ್ಛೆಯದು, ಯಾರಿಗೂ ಒತ್ತಾಯವಿಲ್ಲ" ಎನ್ನುತ್ತಾರೆ ಎಚ್.ಆರ್. ವಿಭಾಗದವರು. ಶೇಕಡಾ 30ರಷ್ಟು ಹಣವನ್ನು ಎದುರಿಗೆ ಹಿಡಿದು ಕೇಳಿದರೆ ಅದು ಸ್ವಇಚ್ಛೆ ಹೇಗಾದೀತು ಎಂದು 2017ರಲ್ಲಿ ಅಮೆರಿಕದ ಒಂದು ಫೆಡರಲ್ ನ್ಯಾಯಾಲಯವೇ ಕೇಳಿತು. ಸರ್ಕಾರಿ ಆಯೋಗದ ಬಳಿ ತಕ್ಕ ಉತ್ತರವಿರಲಿಲ್ಲ, ಆ ನಿಯಮವನ್ನು 2019ರ ಜನವರಿಯಿಂದ ರದ್ದುಪಡಿಸಲಾಯಿತು. ನಮ್ಮಲ್ಲಿ ದಂಡ ಬೇಕಾಗಿಯೂ ಇಲ್ಲ. ನಿಮ್ಮ ತಂಡದಲ್ಲಿ ಎಲ್ಲರೂ ತುಂಬಿದ್ದಾರೆ, ನಿಮ್ಮೊಬ್ಬರದೇ ಬಾಕಿ ಎಂದು ಮೇಲಿನವರಿಂದ ಒಂದು ಸಾಲಿನ ಸಂದೇಶ ಬಂದರೆ ಸಾಕು, ಯಾವ ಮಧ್ಯಮವರ್ಗದ ಹುಡುಗ ಹುಡುಗಿಗೂ ಬೆವರು ಬರುತ್ತದೆ.

ಇದು ಅಮೆರಿಕದ ಪಿಡುಗು, ನಮ್ಮಲ್ಲಿ ಹಾಗಿಲ್ಲ ಎಂದು ಸಮಾಧಾನಪಟ್ಟುಕೊಳ್ಳುವವರು ಕಾನೂನು ಪುಸ್ತಕಗಳಲ್ಲಿರುವ ಒಂದು ಮೊಕದ್ದಮೆಯನ್ನು ಓದಬೇಕು. 1989ರಲ್ಲಿ ಜೀವವಿಮಾ ನಿಗಮದಲ್ಲಿ ಸಹಾಯಕಿಯ ಕೆಲಸಕ್ಕೆ ಆಯ್ಕೆಯಾದ ಒಬ್ಬ ಹೆಣ್ಣುಮಗಳು ಘೋಷಣಾ ಪತ್ರವೊಂದನ್ನು ತುಂಬಿದಳು. ಕೆಲಸಕ್ಕೆ ಸೇರಿದಳು, ಹೆರಿಗೆ ರಜೆ ತೆಗೆದುಕೊಂಡಳು, 1990ರ ಜನವರಿಯಲ್ಲಿ ಹೆತ್ತಳು. ಫೆಬ್ರವರಿಯಲ್ಲಿ, ಇನ್ನೂ ರಜೆಯಲ್ಲಿರುವಾಗಲೇ, ಕೆಲಸದಿಂದ ತೆಗೆದ ಆದೇಶ ಬಂತು. ಆಕೆ ಫಾರಮಿನಲ್ಲಿ ಸುಳ್ಳು ಹೇಳಿದ್ದಳಂತೆ. ಯಾವ ಸುಳ್ಳು? ಕೊನೆಯ ಮುಟ್ಟಿನ ದಿನಾಂಕ! ಮುಟ್ಟು ಸರಿಯಾಗಿ ಆಗುತ್ತದೆಯೇ, ಎಷ್ಟು ಸಲ ಬಸುರಾಗಿದ್ದೀರಿ, ಗರ್ಭಪಾತ ಆಗಿದೆಯೇ ಎಂಬೆಲ್ಲ ಕಾಲಂಗಳು ಆ ಫಾರಮಿನಲ್ಲಿದ್ದವು. ಸುಪ್ರೀಂ ಕೋರ್ಟು 1991ರಲ್ಲಿ ಆಕೆಯನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವಂತೆ ಆದೇಶಿಸಿತು. ಇಂಥ ಪ್ರಶ್ನೆಗಳು ಹೆಣ್ಣಿನ ಮಾನಕ್ಕೆ ಸಲ್ಲವೆಂದು ಹೇಳಿ ಆ ಕಾಲಂಗಳನ್ನು ತೆಗೆದುಹಾಕಲು ನಿಗಮಕ್ಕೆ ತಿಳಿಸಿತು. ನೀರಾ ಮಾಥುರ್ ಮೊಕದ್ದಮೆ ಎಂದೇ ಅದು ಹೆಸರಾಗಿದೆ. ಮೂರು ದಶಕಗಳ ಹಿಂದೆ ನ್ಯಾಯಾಲಯ ಮುಂಬಾಗಿಲಿನಿಂದ ಹೊರಗೆ ಹಾಕಿದ ಪ್ರಶ್ನೆಗಳು ಈಗ 'ವೆಲ್‌ನೆಸ್' ಎಂಬ ಚಂದದ ಹೆಸರು ಹೊತ್ತು ಹಿತ್ತಿಲ ಬಾಗಿಲಿನಿಂದ ಒಳಗೆ ಬರುತ್ತಿವೆ. ಮುಟ್ಟಿನ ಲೆಕ್ಕ ಇಡುವ ಆ್ಯಪನ್ನು ಕಂಪನಿಯೇ ಉಚಿತವಾಗಿ ಕೊಟ್ಟರೆ ನಮ್ಮ ಹೆಣ್ಣುಮಕ್ಕಳು ಥ್ಯಾಂಕ್ಸ್ ಹೇಳಿ ಪಡೆದುಕೊಳ್ಳಬೇಕೇ?

ಕಾನೂನು ಕಾಪಾಡುತ್ತದೆಯೇ ಎಂದು ನೋಡಿದರೆ ಅಲ್ಲಿಯೂ ಧೈರ್ಯ ಹುಟ್ಟುವುದಿಲ್ಲ. 2011ರ ನಿಯಮಗಳು ಆರೋಗ್ಯದ ಮಾಹಿತಿಯನ್ನು ಸೂಕ್ಷ್ಮ ಮಾಹಿತಿ ಎಂದು ಪ್ರತ್ಯೇಕವಾಗಿ ಗುರುತಿಸಿದ್ದವು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅಂಥ ಪ್ರತ್ಯೇಕ ವರ್ಗವೇ ಇಲ್ಲ. ನಿಮ್ಮ ಫೋನ್ ನಂಬರೂ ಒಂದೇ, ನಿಮ್ಮ ಖಿನ್ನತೆಯ ಔಷಧಿಯೂ ಒಂದೇ. ಅದರ ಮೇಲೆ, ನೌಕರಿಯ ಉದ್ದೇಶಕ್ಕೆ ಮತ್ತು ಯಜಮಾನನನ್ನು ನಷ್ಟದಿಂದ ಕಾಪಾಡುವುದಕ್ಕೆ ಒಪ್ಪಿಗೆಯಿಲ್ಲದೆಯೇ ಮಾಹಿತಿ ಬಳಸಬಹುದೆಂದು 7ನೇ ಕಲಮು ಹೇಳುತ್ತದೆ. 2025ರ ನವೆಂಬರಿನಲ್ಲಿ ಇದರ ನಿಯಮಗಳು ಪ್ರಕಟವಾಗಿ, ಕಾಯ್ದೆ ಹಂತಹಂತವಾಗಿ ಜಾರಿಗೆ ಬರುವಂತೆ ಮಾಡಲಾಗಿದೆ. ನೌಕರನ ಹೃದಯ ದುರ್ಬಲವಾಗಿರುವುದು ಯಜಮಾನನಿಗೆ 'ನಷ್ಟ' ಹೌದೋ ಅಲ್ಲವೋ ಎಂಬುದನ್ನು ಮುಂದೆ ಯಾವುದೋ ಬಡಪಾಯಿ ನ್ಯಾಯಾಲಯಕ್ಕೆ ಅಲೆದು ತೀರ್ಮಾನ ಮಾಡಿಸಿಕೊಳ್ಳಬೇಕು.

ನಮ್ಮ ದೇಶದ ಕಾನೂನಿಗೆ ಇದಕ್ಕಿಂತ ಒಳ್ಳೆಯ ಬುದ್ಧಿ ಒಂದು ಕಾಲಕ್ಕೆ ಇತ್ತು. ಭೋಪಾಲದ ವಿಷಾನಿಲ ದುರಂತ ನಡೆದದ್ದು 1984ರಲ್ಲಿ. ಆ ಹೆಣಗಳ ರಾಶಿ ಕಂಡ ಮೇಲೆ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಬಂತು. ಅಪಾಯಕಾರಿ ಕೆಲಸದಲ್ಲಿರುವ ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಮಾಲೀಕ ಇಡಬೇಕು, ಆ ದಾಖಲೆ ಕಾರ್ಮಿಕನ ಕೈಗೆ ಸಿಗುವಂತಿರಬೇಕು ಎಂದು 41-ಸಿ ಕಲಮು ಹೇಳಿತು. ಅದರ ದೃಷ್ಟಿ ಯಾವ ಕಡೆಗಿತ್ತು ನೋಡಿ. ಕಾರ್ಖಾನೆಯ ವಿಷ ಕಾರ್ಮಿಕನ ಮೈಗೆ ಏನು ಮಾಡಿತು ಎಂಬುದಕ್ಕೆ ಆ ದಾಖಲೆ ಸಾಕ್ಷಿ. ಆರೋಪಿ ಸ್ಥಾನದಲ್ಲಿ ಇದ್ದದ್ದು ಕಾರ್ಖಾನೆ. ಈಗಿನ ಫಾರಮಿನಲ್ಲಿ ಆರೋಪಿ ಸ್ಥಾನದಲ್ಲಿ ನಿಂತಿರುವುದು ಕಾರ್ಮಿಕ. ಅವನ ಬಾಯಿ, ಅವನ ಹೊಟ್ಟೆ, ಅವನ ಅಪ್ಪ ಅಮ್ಮನಿಂದ ಬಂದ ರಕ್ತ. ಕೆಲಸದ ಬಗ್ಗೆ ಅಲ್ಲಿ ಒಂದು ಪ್ರಶ್ನೆಯಾದರೂ ಇದೆಯೇ? ನಿಮ್ಮ ಟಾರ್ಗೆಟ್ ನ್ಯಾಯವಾದದ್ದೇ? ರಾತ್ರಿ ಹನ್ನೊಂದಕ್ಕೆ ನಿಮ್ಮ ಮ್ಯಾನೇಜರು ಫೋನ್ ಮಾಡುತ್ತಾರೆಯೇ? ಕೇಳಿದ ರಜೆ ಕೊಟ್ಟರೇ? ಇಲ್ಲ. ಒತ್ತಡವಿದೆ ಎಂದು ಗುರುತು ಹಾಕಿದರೆ ಪ್ರಾಣಾಯಾಮದ ವಿಡಿಯೋ ಬರುತ್ತದೆ.

2024ರ ಜುಲೈಯಲ್ಲಿ ಪುಣೆಯಲ್ಲಿ 26 ವರ್ಷದ ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಹುಡುಗಿ, ಪ್ರಸಿದ್ಧ ಲೆಕ್ಕಪತ್ರ ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಸೇರಿದ ನಾಲ್ಕೇ ತಿಂಗಳಲ್ಲಿ ತೀರಿಕೊಂಡಳು. ಮಿತಿಮೀರಿದ ಕೆಲಸವೇ ಮಗಳನ್ನು ತಿಂದಿತು ಎಂದು ತಾಯಿ ಬರೆದ ಪತ್ರವನ್ನು ದೇಶ ಓದಿತು. ಕೆಲಸದ ಒತ್ತಡವೇ ಕಾರಣವೆಂಬುದನ್ನು ಸಂಸ್ಥೆ ಒಪ್ಪಲಿಲ್ಲ. ಯಾವ ತಪಾಸಣೆಯ ಯಾವ ಅಂಕ ಆ ಹುಡುಗಿಯನ್ನು ಉಳಿಸುತ್ತಿತ್ತು? ಅವಳಿಗೆ ಕೆಂಪು ಬಣ್ಣ ಬಂದಿದ್ದರೂ ಬರುತ್ತಿದ್ದದ್ದು "ನಿದ್ದೆ ಹೆಚ್ಚಿಸಿಕೊಳ್ಳಿ" ಎಂಬ ಬುದ್ಧಿವಾದ ತಾನೆ? ಇದೇ ದೇಶದಲ್ಲಿ 2023ರಲ್ಲಿ ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿಯ ಅಧ್ಯಕ್ಷರು 90 ಗಂಟೆ ಎಂದರು, ಭಾನುವಾರ ಮನೆಯಲ್ಲಿ ಕೂತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂದೂ ಕೇಳಿದರು. 90 ಗಂಟೆ ದುಡಿದವನಿಗೆ ಹತ್ತು ಸಾವಿರ ಹೆಜ್ಜೆ ನಡೆಯಲು ಜಾಗ ಎಲ್ಲಿ, ಕಾಲ ಎಲ್ಲಿ?

ಗಾಜಿನ ಕಟ್ಟಡದವರ ಗೋಳು ಇದಾದರೆ, ಫಾರಂ ತಲುಪದವರ ಮಾತು ಬೇರೆ. ರಾಮನಗರದ ರೇಷ್ಮೆ ರೀಲಿಂಗ್ ಘಟಕಗಳಲ್ಲಿ ನಮ್ಮವರೇ ಮಾಲೀಕರು, ನಮ್ಮವರೇ ಕೂಲಿಗಳು. ಕುದಿಯುವ ನೀರಿನ ಬೇಸಿನ್ನಿನಲ್ಲಿ ದಿನವಿಡೀ ಗೂಡುಗಳನ್ನು ಕೆದಕಿ ಎಳೆ ತೆಗೆಯುವ ಹೆಂಗಸಿನ ಬೆರಳ ಚರ್ಮ ಬಿರಿದಿರುತ್ತದೆ. ಹಬೆ, ಹೊಗೆ, ಸತ್ತ ಹುಳುವಿನ ವಾಸನೆಯಲ್ಲಿ ಉಸಿರು ಕಟ್ಟುತ್ತದೆ. ಅವಳಿಗೆ ಆಸ್ತಮಾ ಇದೆಯೇ ಎಂದು ಯಾವ ಆ್ಯಪ್ ಕೇಳಿತು? 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಹೊಸ ಕಾರ್ಮಿಕ ಸಂಹಿತೆಗಳ ಅಡಿ 40 ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ತಪಾಸಣೆ ಎಂದು ಸರ್ಕಾರ ಸಾರಿದೆ. ಸಂತೋಷ. ಆದರೆ 10ಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆಗಳನ್ನು ಆ ಸುರಕ್ಷತಾ ಸಂಹಿತೆ ಬಹುಮಟ್ಟಿಗೆ ಹೊರಗೇ ಬಿಟ್ಟಿದೆ. ನಾಲ್ಕೈದು ಬೇಸಿನ್ನಿನ ಮನೆಗಳು, ಮನೆಯಲ್ಲೇ ಬೀಡಿ ಕಟ್ಟುವ ಕರಾವಳಿಯ ಹೆಂಗಸರು ಇವರ ಕೆಮ್ಮು ಯಾವ ಲೆಕ್ಕಕ್ಕೆ? ಕಚೇರಿಯವನಿಗೆ ಬೇಡವೆಂದರೂ ಕೈಗಡಿಯಾರ ಕಟ್ಟಿ ಹೃದಯದ ಬಡಿತ ಎಣಿಸುತ್ತಾರೆ. ನಾಗಪುರ, ಚಂಡೀಗಢ, ಪಂಚಕುಲಾಗಳಲ್ಲಿ ಬೀದಿ ಗುಡಿಸುವ ಪೌರಕಾರ್ಮಿಕರ ಕೈಗೂ ಗಡಿಯಾರ ಕಟ್ಟಿದರು. ಅವರ ಬಡಿತ ಎಣಿಸಲಿಕ್ಕಲ್ಲ, ಅವರು ಎಲ್ಲಿ ನಿಂತಿದ್ದಾರೆ ಎಂದು ಹಿಡಿಯಲಿಕ್ಕೆ.

ನಮ್ಮ ಸಮುದಾಯದವರಿಗೆ ಈ ವಿಷಯ ಹೊಸತಾಗಿ ಕಲಿಯಬೇಕಾದದ್ದೇನಲ್ಲ. ಇನ್ನೊಬ್ಬರ ಗುಟ್ಟನ್ನು ಹುಡುಕುತ್ತಾ ಹೋಗುವುದನ್ನು, ಅಂದರೆ ತಜಸ್ಸುಸ್ ಅನ್ನು, ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯ ನೇರವಾಗಿ ನಿಷೇಧಿಸಿದೆ. ಹಝ್ರತ್ ಉಮರ್(ರ) ಅವರ ಕಥೆಯನ್ನು ನಾವೆಲ್ಲ ಚಿಕ್ಕಂದಿನಲ್ಲೇ ಕೇಳಿದವರು. ರಾತ್ರಿ ಗಸ್ತಿನಲ್ಲಿದ್ದಾಗ ಒಂದು ಮನೆಯೊಳಗಿನಿಂದ ಸದ್ದು ಕೇಳಿ ಗೋಡೆ ಹತ್ತಿ ಒಳಗಿಳಿದರು. ಅಲ್ಲಿ ಒಬ್ಬಾತ ಮದ್ಯದೊಂದಿಗೆ ಕೂತಿದ್ದ. ಅವನು ಹೆದರಲಿಲ್ಲ. ನಾನು ಮಾಡಿದ್ದು ಒಂದು ತಪ್ಪು, ತಾವು ಮಾಡಿದ್ದು ಮೂರು: ಗುಟ್ಟು ಹುಡುಕಿದಿರಿ, ಬಾಗಿಲು ಬಿಟ್ಟು ಗೋಡೆ ಹತ್ತಿದಿರಿ, ಸಲಾಂ ಹೇಳಿ ಅನುಮತಿ ಕೇಳಲಿಲ್ಲ ಎಂದ. ಖಲೀಫರು ಒಪ್ಪಿಕೊಂಡು ಹೊರಟುಹೋದರು. ಅಷ್ಟು ದೊಡ್ಡ ಸಾಮ್ರಾಜ್ಯದ ಒಡೆಯನಿಗೆ ಇಲ್ಲದ ಹಕ್ಕು ಮೂರನೇ ಮಹಡಿಯ ಎಚ್.ಆರ್. ಮ್ಯಾನೇಜರಿಗೆ ಎಲ್ಲಿಂದ ಬಂತು?

ಹಾಗೆಂದು ನಾವು ಬಹಳ ಶುದ್ಧರೆಂದೇನೂ ಎದೆ ತಟ್ಟಿಕೊಳ್ಳುವ ಹಾಗಿಲ್ಲ. ನಮ್ಮ ಜಮಾಅತ್‌ಗಳು ಮಸೀದಿಯ ಅಂಗಳದಲ್ಲಿ ನಡೆಸುವ ಉಚಿತ ತಪಾಸಣಾ ಶಿಬಿರಗಳನ್ನು ನೋಡಿ. ಬೆರಳಿಗೆ ಚುಚ್ಚುವ ಹುಡುಗ, "ಭಾಯ್, ನಿಮ್ಮದು ಮುನ್ನೂರ ಇಪ್ಪತ್ತು!" ಎಂದು ಕೂಗುತ್ತಾನೆ. ಸಾಲಿನಲ್ಲಿರುವ ಇಪ್ಪತ್ತು ಜನ ತಿರುಗಿ ನೋಡುತ್ತಾರೆ. ಇಶಾ ನಮಾಝಿನ ಹೊತ್ತಿಗೆ ಸುದ್ದಿ ಆತನ ಮಗಳನ್ನು ಕೇಳಲು ಬಂದವರ ಮನೆ ಮುಟ್ಟಿರುತ್ತದೆ. ನಮ್ಮವರು ನಡೆಸುವ ಶಾಲೆಗಳಲ್ಲಿ, ಆಸ್ಪತ್ರೆಗಳಲ್ಲಿ, ಅಂಗಡಿಗಳಲ್ಲಿ ಕೆಲಸಕ್ಕಿರುವ ಹುಡುಗಿ ಮದುವೆಯಾದೊಡನೆ "ಇನ್ನೆಷ್ಟು ದಿನ ಬರುತ್ತೀಯಮ್ಮಾ?" ಎಂದು ಕೇಳುವುದೂ ಅಪಾಯದ ಅಂದಾಜೇ. ಅದಕ್ಕೆ ಆ್ಯಪ್ ಇಲ್ಲ, ಅಷ್ಟೇ. ರೋಗಿಯ ಗುಟ್ಟು ಅಮಾನತ್. ಅಮಾನತ್ ಎಂಬ ಮಾತನ್ನು ಹಣಕ್ಕೆ ಮಾತ್ರ ಮೀಸಲಿಟ್ಟುಕೊಂಡು ಕೂತಿದ್ದೇವೆ.

ಹಾಗಾದರೆ ತಪಾಸಣೆಯೇ ಬೇಡವೇ, ಜನ ಸಕ್ಕರೆ ಕಾಯಿಲೆಯಿಂದ ಕಣ್ಣು ಕಾಲು ಕಳೆದುಕೊಳ್ಳಲಿ ಎನ್ನುತ್ತೀರಾ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿ ದಾಟಿದ್ದಾರೆ. ಬಿರಿಯಾನಿಯ ಮದುವೆಗಳಲ್ಲಿ ಕುಳಿತು ಈ ಅಂಕಿಯನ್ನು ಅಲ್ಲಗಳೆಯಲು ನನಗೂ ಧೈರ್ಯವಿಲ್ಲ. ತಪಾಸಣೆ ಬೇಕು, ಕಂಪನಿಯೇ ಅದರ ಹಣ ಕೊಡಲಿ. ಆದರೆ ತಪಾಸಣೆ ಮಾಡುವ ವೈದ್ಯ ಕಂಪನಿಯ ಮಾತು ಕೇಳುವವನಾಗಿರಬಾರದು. ವರದಿ ನೌಕರನ ಕೈಗೆ ಹೋಗಲಿ, ಎಚ್.ಆರ್. ಕಂಪ್ಯೂಟರಿಗೆ ಅಲ್ಲ. ಫಾರಂ ತುಂಬದವನ ಹೆಸರು ಯಾವ ಪಟ್ಟಿಯಲ್ಲೂ ಇರಬಾರದು. ಕಂಪನಿಗೆ ಬೇಕಿದ್ದರೆ ಒಟ್ಟು ಲೆಕ್ಕ ಸಿಗಲಿ: ರಾತ್ರಿ ಪಾಳಿಯ ಇನ್ನೂರು ಜನರಲ್ಲಿ ಎಷ್ಟು ಜನರಿಗೆ ರಕ್ತದೊತ್ತಡ, ಹಗಲು ಪಾಳಿಯ ಇನ್ನೂರರಲ್ಲಿ ಎಷ್ಟು ಜನರಿಗೆ ಎಂದು. ಆಗ ಆ ಅಂಕಿ ಹುಡುಗರ ಬಿರಿಯಾನಿಯ ಬಗ್ಗೆ ಮಾತಾಡದೆ ಪಾಳಿಯ ಬಗ್ಗೆ ಮಾತಾಡುತ್ತದೆ. ಬಹುಶಃ ಅದಕ್ಕೇ ಅಂಥ ಲೆಕ್ಕವನ್ನು ಗೋಡೆಗೆ ಅಂಟಿಸಲು ಯಾವ ಕಂಪನಿಯೂ ಅವಸರ ಪಡುತ್ತಿಲ್ಲ.

2024ರ ಜುಲೈಯಲ್ಲಿ ಐ.ಟಿ. ನೌಕರರ ಕೆಲಸದ ಅವಧಿಯನ್ನು ದಿನಕ್ಕೆ 14 ಗಂಟೆಯವರೆಗೆ ಹೆಚ್ಚಿಸುವ ಪ್ರಸ್ತಾಪ ಕರ್ನಾಟಕ ಸರ್ಕಾರದ ಮುಂದೆ ಬಂದಾಗ ಅದನ್ನು ಗಟ್ಟಿಯಾಗಿ ವಿರೋಧಿಸಿದ್ದು ಇದೇ ಹುಡುಗ ಹುಡುಗಿಯರ ಸಂಘ, ಕರ್ನಾಟಕ ರಾಜ್ಯ ಐ.ಟಿ. ನೌಕರರ ಸಂಘ. ಅವರು ಮುಂದಿನ ಸಲ ಕಾರ್ಮಿಕ ಇಲಾಖೆಗೆ ಹೋಗುವಾಗ ಈ ಆರೋಗ್ಯದ ಫಾರಮಿನ ಒಂದು ಪ್ರತಿಯನ್ನೂ ಜೊತೆಗೆ ಒಯ್ಯಲಿ. ರಾತ್ರಿ ಎಷ್ಟು ಗಂಟೆ ಮಲಗುತ್ತೀರಿ ಎಂಬ ಕಾಲಮಿನ ಎದುರು, ಉತ್ತರ ಕೊಡಬೇಕಾದವರು ಕಂಪನಿಯವರು ಎಂದು ಕನ್ನಡದಲ್ಲಿ ಬರೆದು ಮೇಜಿನ ಮೇಲಿಡಲಿ.